ಲಿಂಕನ್ ಬರೆದು ಎತ್ತಿಟ್ಟ ಮೂರು ಕಾಗದಗಳು

(ಓದುಗರ ಬಳಗವೊಂದರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಸ್ನೇಹಿತರೆ, ನಮಸ್ಕಾರ.

ಅಬ್ರಹಾಂ ಲಿಂಕನ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಒಂದು ಪತ್ರ. ಮಗನನ್ನು ಶಾಲೆಗೆ ಸೇರಿಸುವಾಗ ಅವರು ಮೇಷ್ಟ್ರಿಗೆ ಬರೆದರು ಅಂತ ಹೇಳುವ ಪತ್ರ. ಶಿಕ್ಷಕರ ದಿನ ಬಂತೆಂದರೆ ಅದು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಎಷ್ಟೋ ಶಾಲೆಗಳ ಗೋಡೆಯ ಮೇಲೂ ಇದೆ. ಆದರೆ ಲಿಂಕನ್ ಬರೆದದ್ದನ್ನೆಲ್ಲ ಹುಡುಕಿ, ಒಟ್ಟುಮಾಡಿ, ಮುದ್ರಿಸಿದ್ದಾರಲ್ಲ, ಅದರಲ್ಲಿ ಈ ಪತ್ರ ಇಲ್ಲ. ಇದು ಅವರದ್ದು ಅನ್ನುವುದಕ್ಕೆ ಪುರಾವೆಯೂ ಇಲ್ಲ. ಮಾತುಗಳು ಒಳ್ಳೆಯವೇ ಇರಬಹುದು. ಲಿಂಕನ್ ಯಾರು ಅಂತ ತಿಳಿಯಲು ಮಾತ್ರ ಅವು ಸಹಾಯ ಮಾಡುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಅವರು ನಿಜವಾಗಿಯೂ ಬರೆದ ಮೂರು ಕಾಗದಗಳ ಬಗ್ಗೆ. ಮೂರನ್ನೂ ಬರೆದದ್ದು ಅವರು ಅಮೆರಿಕದ ಅಧ್ಯಕ್ಷರಾಗಿದ್ದಾಗ, ಗುಲಾಮಗಿರಿಯ ಪ್ರಶ್ನೆಗೆ ದೇಶದ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಂತರ್ಯುದ್ಧದ ನಡುವೆ. ಬರೆದ ಮೇಲೆ ಮೂರನ್ನೂ ಎತ್ತಿಟ್ಟರು. ಒಂದನ್ನು ಎರಡು ತಿಂಗಳು ಬಿಟ್ಟು ಹೊರಗೆ ತೆಗೆದರು. ಒಂದನ್ನು ಕಳಿಸಲೇ ಇಲ್ಲ. ಇನ್ನೊಂದನ್ನು ಮಡಚಿ, ಅಂಟು ಹಚ್ಚಿ, ಒಳಗೇನಿದೆ ಅಂತ ಹೇಳದೆ ಅದರ ಬೆನ್ನಿಗೆ ಸಚಿವರಿಂದ ಸಹಿ ಹಾಕಿಸಿಕೊಂಡರು. ಯುದ್ಧಕಾಲದ ಅಧ್ಯಕ್ಷ ಅಂದರೆ ಗಟ್ಟಿ ದನಿ, ಥಟ್ಟನೆ ಹೊರಡುವ ಆದೇಶ ಅಂತ ನಮಗೊಂದು ಕಲ್ಪನೆ ಇರುತ್ತದೆ. ನನ್ನ ಪ್ರಕಾರ ಲಿಂಕನ್ ಮುಂದಾಳ್ತನ ಏನು ಅನ್ನುವುದು ಗೊತ್ತಾಗುವುದು ಎತ್ತಿಟ್ಟ ಈ ಕಾಗದಗಳಿಂದ. ಅವರು ಕಾದದ್ದಕ್ಕೆ ಬೇರೆಯವರು ಎಷ್ಟು ಬೆಲೆ ತೆತ್ತರು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಅವರ ಬಾಲ್ಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ. 1809ರ ಫೆಬ್ರವರಿ 12ರಂದು ಕೆಂಟಕಿಯಲ್ಲಿ, ಮರದ ದಿಮ್ಮಿ ಜೋಡಿಸಿ ಕಟ್ಟಿದ ಒಂದು ಕೋಣೆಯ ಮನೆಯಲ್ಲಿ ಹುಟ್ಟಿದರು. ಏಳು ವರ್ಷದವರಿದ್ದಾಗ ಮನೆಯವರೆಲ್ಲ ಇಂಡಿಯಾನಾದ ಕಾಡಿಗೆ ಹೋದರು. ಒಂಬತ್ತಕ್ಕೆ ತಾಯಿ ನ್ಯಾನ್ಸಿ ತೀರಿಕೊಂಡರು. ಕಾಡಿನಲ್ಲಿ ಬೆಳೆಯುವ ಒಂದು ವಿಷದ ಗಿಡವನ್ನು ಮೇಯ್ದ ಹಸುವಿನ ಹಾಲು ಕುಡಿದರೆ ಬರುವ ಕಾಯಿಲೆ ಅದು. ಮಲತಾಯಿ ಸಾರಾ ಒಳ್ಳೆಯವರು. ಹುಡುಗನ ಓದಿನ ಹುಚ್ಚನ್ನು ಅರ್ಥ ಮಾಡಿಕೊಂಡವರು. ಶಾಲೆಯಲ್ಲಿ ಕೂತ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ಆಗುವುದಿಲ್ಲ. ಇಲಿನಾಯ್‌ಗೆ ಬಂದ ಮೇಲೆ ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟರು, ಮುಳುಗಿತು. ಆ ಸಾಲ ತೀರಿಸಲು ವರ್ಷಗಟ್ಟಲೆ ಬೇಕಾಯಿತು. ಸಣ್ಣ ಊರಿನ ಪೋಸ್ಟ್ ಮಾಸ್ಟರ್ ಆದರು, ಜಮೀನು ಅಳೆಯುವ ಸರ್ವೇಯರ್ ಆದರು. ಪುಸ್ತಕ ಎರವಲು ತಂದು ತಾವೇ ಕಾನೂನು ಓದಿಕೊಂಡರು. 1837ರಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದು ವಕೀಲಿ ಶುರು ಮಾಡಿದರು.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ಲಿಂಕನ್ ಅಂದರೆ ಹುಟ್ಟಿನಿಂದಲೇ ಶಾಂತಮೂರ್ತಿ ಅಂತ ತಿಳಿದವರಿಗೆ ಇದು ಆಶ್ಚರ್ಯ ಆಗಬಹುದು. 1842ರಲ್ಲಿ ಜೇಮ್ಸ್ ಶೀಲ್ಡ್ಸ್ ಅನ್ನುವವರು ರಾಜ್ಯದ ಲೆಕ್ಕಪತ್ರದ ಅಧಿಕಾರಿ. ಎದುರು ಪಕ್ಷದವರು. ಲಿಂಕನ್ ಈ ಶೀಲ್ಡ್ಸ್‌ರನ್ನು ಗೇಲಿ ಮಾಡಿ, ಹಳ್ಳಿಯ ಹೆಂಗಸೊಬ್ಬಳು ಬರೆದಂತೆ ಸುಳ್ಳು ಹೆಸರಿನಲ್ಲಿ ಪತ್ರಿಕೆಗೆ ಒಂದು ಪತ್ರ ಬರೆದರು. ಗೇಲಿ ಮಿತಿ ಮೀರಿತ್ತು. ಶೀಲ್ಡ್ಸ್ ಬರೆದವರು ಯಾರು ಅಂತ ಪತ್ತೆ ಹಚ್ಚಿ ದ್ವಂದ್ವಯುದ್ಧಕ್ಕೆ ಕರೆದರು. ಆಯುಧ ಆರಿಸುವ ಹಕ್ಕು ಲಿಂಕನ್‌ಗೆ. ಅವರು ಆರಿಸಿದ್ದು ಅಶ್ವದಳದವರ ಅಗಲದ ಕತ್ತಿ. ಆರು ಅಡಿ ನಾಲ್ಕು ಇಂಚು ಎತ್ತರದ, ಉದ್ದ ತೋಳಿನ ಆಳು ಕತ್ತಿ ಹಿಡಿದು ನಿಂತರೆ ಎದುರಾಳಿ ಹತ್ತಿರ ಬರುವುದೇ ಕಷ್ಟ ಅಲ್ವಾ. ಇಲಿನಾಯ್‌ನಲ್ಲಿ ದ್ವಂದ್ವಕ್ಕೆ ಕಾನೂನಿನ ತಡೆ ಇತ್ತು. ಅದಕ್ಕೆ ಮಿಸಿಸಿಪ್ಪಿ ನದಿ ದಾಟಿ, ಮಿಸೌರಿ ಕಡೆಯ ಒಂದು ನಡುಗಡ್ಡೆಗೆ ಹೋದರು. ಕತ್ತಿ ತಾಗುವ ಮೊದಲು ಸ್ನೇಹಿತರು ನಡುವೆ ಬಿದ್ದು ರಾಜಿ ಮಾಡಿಸಿದರು. ಆ ದಿನ ಸೆಪ್ಟೆಂಬರ್ 22. ಈ ವಿಷಯ ಎತ್ತಿದರೆ ಲಿಂಕನ್‌ಗೆ ಕೊನೆಯವರೆಗೂ ಮುಜುಗರ. ಸಿಟ್ಟಿನಲ್ಲೋ ಉತ್ಸಾಹದಲ್ಲೋ ಬರೆದ ಕಾಗದ ಕೈಬಿಟ್ಟು ಹೋದರೆ ಏನಾಗುತ್ತದೆ ಅಂತ ಅವರಿಗೆ ಆವತ್ತೇ ಗೊತ್ತಾಗಿರಬೇಕು ಅಂತ ನನಗನ್ನಿಸುತ್ತದೆ.

ರಾಜಕೀಯದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1854ರಲ್ಲಿ ಹೊಸ ಪ್ರಾಂತ್ಯಗಳಿಗೂ ಗುಲಾಮಗಿರಿ ಹಬ್ಬಲು ದಾರಿ ಮಾಡಿಕೊಟ್ಟ ಕಾಯ್ದೆ ಬಂತು. ರಾಜಕೀಯದಿಂದ ಸ್ವಲ್ಪ ದೂರವಾಗಿದ್ದ ಲಿಂಕನ್ ಮತ್ತೆ ಕಣಕ್ಕಿಳಿದರು. 1858ರಲ್ಲಿ ಸೆನೆಟ್ ಸ್ಥಾನಕ್ಕೆ ಎದುರಾಳಿಯಾಗಿದ್ದ ಸ್ಟೀಫನ್ ಡಗ್ಲಸ್ ಜೊತೆ ಏಳು ಊರುಗಳಲ್ಲಿ ಬಹಿರಂಗ ಚರ್ಚೆ ಮಾಡಿದರು. ಸೆನೆಟ್ ಸ್ಥಾನ ಡಗ್ಲಸ್‌ಗೆ ಹೋಯಿತು, ಹೆಸರು ಲಿಂಕನ್‌ಗೆ ಬಂತು. 1860ರಲ್ಲಿ ನಾಲ್ವರ ಸ್ಪರ್ಧೆಯಲ್ಲಿ ಅಧ್ಯಕ್ಷರಾದರು. ಜನರ ಮತ ನೂರಕ್ಕೆ ನಲವತ್ತೂ ಪೂರ್ತಿ ಬರಲಿಲ್ಲ. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವರ ಹೆಸರಿನ ಮತಪತ್ರವೇ ಇರಲಿಲ್ಲ.

1861ರ ಮಾರ್ಚ್ 4ರಂದು ಪ್ರಮಾಣ ವಚನ ತೆಗೆದುಕೊಳ್ಳುವ ಹೊತ್ತಿಗೆ ಗುಲಾಮಗಿರಿ ಇದ್ದ ದಕ್ಷಿಣದ ಏಳು ರಾಜ್ಯಗಳು ಒಕ್ಕೂಟವನ್ನು, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನವನ್ನು, ಬಿಟ್ಟು ಹೋಗಿದ್ದವು. ಸೌತ್ ಕೆರೊಲಿನಾದ ಸಮುದ್ರದಲ್ಲಿ ಸಮ್ಟರ್ ಕೋಟೆಯ ಸೈನಿಕರಿಗೆ ಊಟ ಮುಗಿಯುತ್ತಾ ಬಂದಿತ್ತು. ಬಿಟ್ಟುಕೊಟ್ಟರೆ ಅವಮಾನ. ಸೈನ್ಯ ಕಳಿಸಿದರೆ ಯುದ್ಧ ಶುರು ಮಾಡಿದ ಅಪವಾದ. ಲಿಂಕನ್ ಆ ರಾಜ್ಯದ ಗವರ್ನರ್‌ಗೆ ಮೊದಲೇ ತಿಳಿಸಿದರು: ಕೋಟೆಗೆ ಬರೀ ಆಹಾರ ಕಳಿಸುತ್ತಿದ್ದೇವೆ, ನೀವು ತಡೆಯದಿದ್ದರೆ ಆಳುಗಳನ್ನಾಗಲಿ ಮದ್ದುಗುಂಡನ್ನಾಗಲಿ ಇಳಿಸುವುದಿಲ್ಲ ಅಂತ. ಏಪ್ರಿಲ್ 12ರಂದು ದಕ್ಷಿಣದವರೇ ಮೊದಲ ಗುಂಡು ಹಾರಿಸಿದರು. ಲಿಂಕನ್ 75,000 ಸ್ವಯಂಸೇವಕರನ್ನು ಕರೆದರು. ಇನ್ನೂ ನಾಲ್ಕು ರಾಜ್ಯಗಳು ಆ ಕಡೆ ಹೋದವು.

ಯುದ್ಧದ ಅನುಭವ ಅವರಿಗೆ ಇಲ್ಲ ಅಂದರೂ ನಡೆಯುತ್ತದೆ. ಲೈಬ್ರರಿಯಿಂದ ಯುದ್ಧಶಾಸ್ತ್ರದ ಪುಸ್ತಕ ತರಿಸಿಕೊಂಡು ರಾತ್ರಿ ಓದುತ್ತಿದ್ದರು. ಪಕ್ಷದ ಟಿಕೆಟ್‌ಗಾಗಿ ತಮ್ಮ ವಿರುದ್ಧ ಸ್ಪರ್ಧಿಸಿದ್ದ ಸೀವರ್ಡ್, ಚೇಸ್, ಬೇಟ್ಸ್ ಮೂವರನ್ನೂ ಸಂಪುಟಕ್ಕೆ ತೆಗೆದುಕೊಂಡಿದ್ದರು. 1862ರ ಜನವರಿಯಲ್ಲಿ ಎಡ್ವಿನ್ ಸ್ಟಾಂಟನ್ ಅವರನ್ನು ಯುದ್ಧ ಸಚಿವರನ್ನಾಗಿ ಮಾಡಿದರು. ಈ ಸ್ಟಾಂಟನ್ 1855ರಲ್ಲಿ ಒಂದು ದೊಡ್ಡ ಪೇಟೆಂಟ್ ಮೊಕದ್ದಮೆಯಲ್ಲಿ ಲಿಂಕನ್ ಜೊತೆಗಿದ್ದ ವಕೀಲ. ಹಳ್ಳಿಯ ವಕೀಲ ಅಂತ ಹತ್ತಿರ ಸೇರಿಸಿರಲಿಲ್ಲ, ಬಾಯಿ ತೆರೆಯಲೂ ಬಿಟ್ಟಿರಲಿಲ್ಲ. ಲಿಂಕನ್‌ಗೆ ಅದು ನೆನಪಿತ್ತು. ಆದರೆ ಸೈನ್ಯಕ್ಕೆ ಬೂಟು, ಬಂದೂಕು, ರೈಲು ಹೊಂದಿಸುವ ಕೆಲಸಕ್ಕೆ ಅಂಥ ಒರಟು ಮನುಷ್ಯನೇ ಬೇಕಿತ್ತು.

ಇನ್ನು ಜಾರ್ಜ್ ಮೆಕ್ಲೆಲನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಮೂವತ್ತೈದು ವರ್ಷ ತುಂಬುವ ಮೊದಲೇ ಒಕ್ಕೂಟದ ಸೈನ್ಯಕ್ಕೆ ಮುಖ್ಯಸ್ಥರಾದ ಜನರಲ್. ಸೈನಿಕರಿಗೆ ಅವರನ್ನು ಕಂಡರೆ ಪ್ರಾಣ. 1861ರ ನವೆಂಬರ್‌ನಲ್ಲಿ ಒಂದು ಸಂಜೆ ಲಿಂಕನ್, ಸೀವರ್ಡ್ ಮತ್ತು ಲಿಂಕನ್ ಕಾರ್ಯದರ್ಶಿ ಜಾನ್ ಹೇ ಮೂವರೂ ಅವರ ಮನೆಗೆ ಹೋದರು. ಜನರಲ್ ಮದುವೆಗೆ ಹೋಗಿದ್ದಾರೆ, ಬರುತ್ತಾರೆ ಅಂದರು. ಕೂತು ಕಾದರು. ಒಂದು ಗಂಟೆ ಆದ ಮೇಲೆ ಮೆಕ್ಲೆಲನ್ ಬಂದರು. ಅಧ್ಯಕ್ಷರು ಕಾಯುತ್ತಿದ್ದಾರೆ ಅಂತ ಆಳು ಹೇಳಿದರೂ ಅವರು ಕೂತಿದ್ದ ಕೋಣೆಯ ಬಾಗಿಲು ದಾಟಿ ಸೀದಾ ಮಹಡಿ ಹತ್ತಿದರು. ಇನ್ನೂ ಅರ್ಧ ಗಂಟೆ ಕಾದು ಹೇಳಿ ಕಳಿಸಿದರೆ, ಜನರಲ್ ಮಲಗಿಬಿಟ್ಟಿದ್ದಾರೆ ಅನ್ನುವ ಉತ್ತರ ಬಂತು. ಹೇ ಕೆಂಡಾಮಂಡಲವಾದರು. ಮರ್ಯಾದೆಯ ಲೆಕ್ಕ ಹಾಕುತ್ತಾ ಕೂರುವ ಹೊತ್ತು ಇದಲ್ಲ ಅಂತ ಲಿಂಕನ್ನೇ ಹೇ ಅವರನ್ನು ಸಮಾಧಾನ ಮಾಡಿದರು. ಗೆದ್ದು ಕೊಡುವುದಾದರೆ ಅವರ ಕುದುರೆಯ ಲಗಾಮು ಹಿಡಿಯಲೂ ಸಿದ್ಧ ಅಂತ ಲಿಂಕನ್ ಹೇಳಿದ್ದು ಈ ಮೆಕ್ಲೆಲನ್ ಬಗ್ಗೆಯೇ.

ಈಗ ಮೊದಲ ಕಾಗದಕ್ಕೆ ಬರೋಣ.

ಶ್ವೇತಭವನದಲ್ಲಿ ಆಗ ತಂತಿ ಯಂತ್ರ ಇರಲಿಲ್ಲ. ರಣರಂಗದ ಸುದ್ದಿ ಬರುತ್ತಿದ್ದದ್ದು ಪಕ್ಕದ ಯುದ್ಧ ಇಲಾಖೆಯ ತಂತಿ ಕಚೇರಿಗೆ. ಲಿಂಕನ್ ಹಗಲು ರಾತ್ರಿ ಅನ್ನದೆ ಅಲ್ಲಿಗೆ ನಡೆದುಕೊಂಡು ಹೋಗುತ್ತಿದ್ದರು. 1862ರ ಫೆಬ್ರವರಿಯಲ್ಲಿ ಹನ್ನೊಂದು ವರ್ಷದ ಮಗ ವಿಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡಿದ್ದ. ಹೆಂಡತಿ ಮೇರಿ ಆ ದುಃಖದಿಂದ ಮೇಲೇಳಲು ಆಗದೆ ಒದ್ದಾಡುತ್ತಿದ್ದರು. ಜನ ಮುತ್ತಿಕೊಳ್ಳದ ಜಾಗ ಅಂದರೆ ಆ ತಂತಿ ಕಚೇರಿ ಒಂದೇ. ಅಲ್ಲಿನ ಮುಖ್ಯಸ್ಥ ಮೇಜರ್ ಎಕರ್ಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಬೇಸಿಗೆಯಲ್ಲಿ ಒಂದು ದಿನ ಲಿಂಕನ್ ಬಂದು ದೊಡ್ಡ ಹಾಳೆಗಳನ್ನು ಕೇಳಿ ಪಡೆದರು. ಎಕರ್ಟ್ ಮೇಜಿನ ಹತ್ತಿರ ಕೂತರು. ಕಿಟಕಿಯ ಹೊರಗೆ ಜೇಡರ ಬಲೆ ಇತ್ತು. ಅದನ್ನು ನೋಡುತ್ತಾ ಬಹಳ ಹೊತ್ತು ಸುಮ್ನೆ ಇರುತ್ತಿದ್ದರು, ಆಮೇಲೆ ಒಂದೋ ಎರಡೋ ಸಾಲು ಬರೆಯುತ್ತಿದ್ದರು. ಎದ್ದು ಹೋಗುವಾಗ ಹಾಳೆಗಳನ್ನು ಎಕರ್ಟ್ ಕೈಗೆ ಕೊಟ್ಟು, ಬೀಗ ಹಾಕಿಡಿ, ಯಾರಿಗೂ ತೋರಿಸಬೇಡಿ ಅನ್ನುತ್ತಿದ್ದರು. ಮರುದಿನ ಬಂದು ಅದೇ ಹಾಳೆ ತೆಗೆಸಿ, ಬರೆದದ್ದನ್ನು ಓದಿ, ತಿದ್ದಿ, ಮತ್ತೆರಡು ಸಾಲು. ಹೀಗೇ ಕೆಲವು ವಾರ. ಬರೆಯುತ್ತಿದ್ದದ್ದು ಗುಲಾಮರ ಬಿಡುಗಡೆಯ ಘೋಷಣೆ.

ಜುಲೈ 22ರಂದು ಸಂಪುಟದ ಮುಂದೆ ಓದಿದರು. ಸೀವರ್ಡ್ ಒಂದು ಮಾತು ಹೇಳಿದರು: ಈಗ ನಾವು ಸೋಲುತ್ತಿದ್ದೇವೆ, ಈ ಹೊತ್ತಿನಲ್ಲಿ ಹೊರಡಿಸಿದರೆ ಸೋತವರ ಕೊನೆಯ ಕೂಗಿನಂತೆ ಕೇಳುತ್ತದೆ, ಒಂದು ಗೆಲುವು ಬರಲಿ. ಲಿಂಕನ್‌ಗೆ ಸರಿ ಅನ್ನಿಸಿತು. ಎತ್ತಿಟ್ಟರು.

ಆ ಎರಡು ತಿಂಗಳು ಅವರು ಹೊರಗೆ ಏನು ಮಾಡಿದರು ಅನ್ನುವುದನ್ನು ಮುಚ್ಚಿಡಬಾರದು. ಆಗಸ್ಟ್ 14ರಂದು ಐದು ಮಂದಿ ಕಪ್ಪು ಮುಖಂಡರನ್ನು ಶ್ವೇತಭವನಕ್ಕೆ ಕರೆಸಿದರು. ನಿಮ್ಮ ಜನ ಈ ದೇಶ ಬಿಟ್ಟು ಹೊರಗೆ ಹೋಗಿ ನೆಲೆಸುವುದು ಇಬ್ಬರಿಗೂ ಒಳ್ಳೆಯದು ಅಂತ ಉಪದೇಶ ಮಾಡಿದರು. ಅದೇ ನೆಲದಲ್ಲಿ ಹುಟ್ಟಿ, ತಲೆತಲಾಂತರ ಬಿಟ್ಟಿ ದುಡಿದವರಿಗೆ ಹೇಳುವ ಮಾತೇ ಅದು? ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ವಾಗ್ಮಿಯಾಗಿದ್ದ ಫ್ರೆಡರಿಕ್ ಡಗ್ಲಸ್ ತಮ್ಮ ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ಖಂಡಿಸಿದ್ದು ನ್ಯಾಯವೇ. ಆಗಸ್ಟ್ 22ರಂದು ಲಿಂಕನ್ ಒಂದು ಬಹಿರಂಗ ಪತ್ರ ಬರೆದರು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿದರೆ ಉಳಿಯುವುದಾದರೆ ಹಾಗೆ ಮಾಡುತ್ತೇನೆ ಅಂದರು. ಘೋಷಣೆ ಬರೆದು ಮುಗಿಸಿ ಒಳಗಿಟ್ಟುಕೊಂಡೇ ಈ ಮಾತು ಬರೆದರು. ಹಿಂಜರಿಯುತ್ತಿದ್ದ ಬಿಳಿಯ ಜನರನ್ನು ಮುಂದೆ ಬರುವುದಕ್ಕೆ ಹದಗೊಳಿಸುತ್ತಿದ್ದರು ಅಂತ ಇದನ್ನು ಓದಬಹುದು. ನಾನೂ ಹಾಗೇ ಓದುತ್ತೇನೆ. ಆದರೆ ದಕ್ಷಿಣದ ಹತ್ತಿ ಹೊಲದಲ್ಲಿದ್ದವರಿಗೆ ಆ ಒಂದೊಂದು ದಿನವೂ ಚಾಟಿಯ ದಿನವೇ. ಕಾಯುವ ಸೌಲಭ್ಯ ಅಧ್ಯಕ್ಷರಿಗಿತ್ತು, ಅವರಿಗಿರಲಿಲ್ಲ. ಅವರು ಕಾಯಲೂ ಇಲ್ಲ. 1861ರ ಮೇ ತಿಂಗಳಿಂದಲೇ ಒಡೆಯರನ್ನು ಬಿಟ್ಟು, ರಾತ್ರಿ ನಡೆದು, ದೋಣಿ ಹತ್ತಿ, ಒಕ್ಕೂಟದ ಸೈನ್ಯದ ಶಿಬಿರಗಳಿಗೆ ಬಂದು ಸೇರುತ್ತಿದ್ದರು. ಸಾವಿರಾರು ಜನ ಹಾಗೆ ಬಂದಿದ್ದರಿಂದಲೇ ವಾಷಿಂಗ್ಟನ್ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಬಿಡುಗಡೆಯ ಕಥೆ ಹೇಳುವಾಗ ಅವರನ್ನು ಬಿಟ್ಟರೆ ಕಥೆ ಅರ್ಧ.

ಸೆಪ್ಟೆಂಬರ್ 17ರಂದು ಆಂಟೀಟಮ್ ಕದನ. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,000. ದೊಡ್ಡ ಗೆಲುವೇನಲ್ಲ, ಆದರೆ ದಕ್ಷಿಣದ ಜನರಲ್ ಲೀ ಹಿಂದೆ ಸರಿದರು. ಅಷ್ಟು ಸಾಕಾಯಿತು. ಸೆಪ್ಟೆಂಬರ್ 22ರಂದು ಲಿಂಕನ್ ಕಾಗದ ಹೊರತೆಗೆದರು. ಕತ್ತಿ ಹಿಡಿದು ನದಿ ದಾಟಿದ ಆ ದಿನಕ್ಕೆ ಸರಿಯಾಗಿ ಇಪ್ಪತ್ತು ವರ್ಷ. ಜನವರಿ 1ರೊಳಗೆ ಬಂಡಾಯ ನಿಲ್ಲಿಸದಿದ್ದರೆ ಆ ರಾಜ್ಯಗಳ ಗುಲಾಮರೆಲ್ಲ ಸ್ವತಂತ್ರರು ಅಂತ ಎಚ್ಚರಿಕೆ ಕೊಟ್ಟರು.

1863ರ ಹೊಸ ವರ್ಷದ ದಿನ ಬೆಳಗ್ಗೆ ಶ್ವೇತಭವನದಲ್ಲಿ ಜನರ ಸಾಲು. ಮೂರು ಗಂಟೆ ಕಾಲ ಕೈ ಕುಲುಕಿದರು. ಮಧ್ಯಾಹ್ನ ಸಹಿ ಹಾಕಲು ಕೂತಾಗ ಬೆರಳು ನಡುಗುತ್ತಿತ್ತು. ಪೆನ್ನು ಎತ್ತಿಕೊಂಡರು, ಕೆಳಗಿಟ್ಟರು. ಇದಕ್ಕಿಂತ ಸರಿಯಾದ ಕೆಲಸ ಮಾಡುತ್ತಿದ್ದೇನೆ ಅಂತ ಬದುಕಿನಲ್ಲಿ ಎಂದೂ ಅನ್ನಿಸಿರಲಿಲ್ಲ, ಆದರೆ ಕೈ ನಡುಗಿ ಅಕ್ಷರ ಸೊಟ್ಟಗಾದರೆ ಮುಂದೆ ನೋಡಿದವರು ಇವನು ಹಿಂಜರಿದ ಅಂದುಕೊಳ್ಳುತ್ತಾರೆ ಅಂದರು. ನಿಧಾನಕ್ಕೆ, ತಮ್ಮ ಪೂರ್ತಿ ಹೆಸರು ಬರೆದರು. ಸಾಮಾನ್ಯವಾಗಿ ಅವರು ಹಾಕುತ್ತಿದ್ದದ್ದು ಬರೀ 'ಎ. ಲಿಂಕನ್' ಅಂತ.

ಆ ಸಹಿಗೆ ಆರೇ ದಿನ ಮುಂಚೆ, ಡಿಸೆಂಬರ್ 26ರಂದು, ಮಿನ್ನೆಸೋಟಾದಲ್ಲಿ ದಂಗೆಯ ಆರೋಪದ ಮೇಲೆ ಡಕೋಟಾ ಬುಡಕಟ್ಟಿನ 38 ಜನರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಅಮೆರಿಕದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾಮೂಹಿಕ ಗಲ್ಲು ಇನ್ನೊಂದಿಲ್ಲ. ಸೇನಾ ನ್ಯಾಯಮಂಡಳಿ 303 ಜನಕ್ಕೆ ಮರಣದಂಡನೆ ಹಾಕಿತ್ತು. ಕೆಲವು ವಿಚಾರಣೆಗಳು ನಿಮಿಷಗಳಲ್ಲಿ ಮುಗಿದಿದ್ದವು. ಲಿಂಕನ್ ಕಡತಗಳನ್ನು ತರಿಸಿ ನೋಡಿಸಿ, 39 ಹೆಸರುಗಳನ್ನು ಉಳಿಸಿ, ಆ ಪಟ್ಟಿಯನ್ನು ತಮ್ಮ ಕೈಯಾರೆ ಬರೆದರು. ಕೊನೆಗೆ ಅದರಲ್ಲಿ ಒಬ್ಬರಿಗೆ ವಿನಾಯಿತಿ ಸಿಕ್ಕಿತು. ಇನ್ನೂರಕ್ಕೂ ಹೆಚ್ಚು ಜೀವ ಉಳಿಸಿದರು ಅನ್ನುವವರು ಇದ್ದಾರೆ, ಅದು ನಿಜ. ಅಂಥ ವಿಚಾರಣೆಯನ್ನು ನಂಬಿ 38 ಜನರನ್ನು ಕಳಿಸಿದರು ಅನ್ನುವುದೂ ನಿಜ. ಡಕೋಟಾ ಜನ ಇವತ್ತಿಗೂ ಆ ದಿನವನ್ನು ನೆನೆಯುತ್ತಾರೆ.

ಈ ಯುದ್ಧಕ್ಕೂ ನಮ್ಮ ಧಾರವಾಡ ಸೀಮೆಗೂ ಒಂದು ನಂಟಿದೆ. ಯುದ್ಧ ಶುರುವಾದ ಮೇಲೆ ಒಕ್ಕೂಟದ ಹಡಗುಗಳು ದಕ್ಷಿಣದ ಬಂದರುಗಳನ್ನು ಸುತ್ತುಗಟ್ಟಿದವು. ಹತ್ತಿ ಹೊರಗೆ ಹೋಗುವುದು ನಿಂತಿತು. ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳು ಬಾಗಿಲು ಹಾಕಿದವು. ಬ್ರಿಟಿಷರು ಹತ್ತಿಗಾಗಿ ನಮ್ಮ ಕಡೆ ನೋಡಿದರು. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎರೆ ಹೊಲಗಳಲ್ಲಿ 1840ರ ದಶಕದಿಂದಲೇ ಅಮೆರಿಕದಿಂದ ಬಂದ ತಳಿ ಬೆಳೆಯುತ್ತಿತ್ತು. ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು. ಬೆಲೆ ಗಗನಕ್ಕೇರಿತು. ಹತ್ತಿ ಸಾಗಿಸಲು ಕಾರವಾರ ಬಂದರನ್ನು ಬೆಳೆಸುವ ಯೋಜನೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಬಂದರಿನ ಲೆಕ್ಕಾಚಾರ ಇತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಧೊಪ್ಪನೆ ಬಿತ್ತು. ಇನ್ನು ಮ್ಯಾಂಚೆಸ್ಟರಿನ ಕಾರ್ಮಿಕರು. ಗಿರಣಿ ಮುಚ್ಚಿ ಹೊಟ್ಟೆಗಿಲ್ಲದ ಹೊತ್ತಿನಲ್ಲೂ ಸಭೆ ಸೇರಿ, ನಾವು ಗುಲಾಮಗಿರಿಯ ವಿರುದ್ಧ ನಿಮ್ಮ ಜೊತೆಗಿದ್ದೇವೆ ಅಂತ ಲಿಂಕನ್‌ಗೆ ಬರೆದರು. ಆ ಉಪಕಾರವನ್ನು ನೆನೆದು ಲಿಂಕನ್ ಉತ್ತರಿಸಿದ್ದಾರೆ.

ಎರಡನೆಯ ಕಾಗದ ಚಿಕ್ಕದು. 1863ರ ಜುಲೈ 1ರಿಂದ 3ರವರೆಗೆ ಗೆಟ್ಟಿಸ್‌ಬರ್ಗ್ ಕದನ. ಜನರಲ್ ಮೀಡ್ ಗೆದ್ದರು. ಸೋತ ಲೀ ಸೈನ್ಯ ಹಿಂದೆ ಹೋಗುವಾಗ ಪೊಟೊಮ್ಯಾಕ್ ನದಿ ತುಂಬಿ ಹರಿಯುತ್ತಿತ್ತು, ದಾಟಲು ಆಗದೆ ಸಿಕ್ಕಿಕೊಂಡಿತು. ಈಗ ಹೊಡೆದರೆ ಯುದ್ಧವೇ ಮುಗಿಯಿತು ಅಂತ ಲಿಂಕನ್ ತಂತಿ ಕಚೇರಿಯಲ್ಲಿ ಚಡಪಡಿಸಿದರು. ಮೀಡ್ ಹೊಡೆಯಲಿಲ್ಲ. ನೀರು ಇಳಿಯಿತು, ಲೀ ದಾಟಿಹೋದರು. ಜುಲೈ 14ರಂದು ಲಿಂಕನ್ ಮೀಡ್‌ಗೆ ಪತ್ರ ಬರೆದರು. ಲೀ ನಿಮ್ಮ ಕೈಗೆ ಸಿಕ್ಕಿದ್ದರು, ಈಗ ಯುದ್ಧ ಎಲ್ಲಿಯವರೆಗೆ ಎಳೆಯುತ್ತದೋ, ಚಿನ್ನದಂಥ ಅವಕಾಶ ಹೋಯಿತು, ನನ್ನ ಸಂಕಟಕ್ಕೆ ಅಳತೆಯಿಲ್ಲ, ಹೀಗೆ. ಬರೆದು, ಲಕೋಟೆಗೆ ಹಾಕಿ, ಮೇಲೆ ಒಂದು ಟಿಪ್ಪಣಿ ಬರೆದರು: ಜನರಲ್ ಮೀಡ್‌ಗೆ, ಕಳಿಸಿಲ್ಲ, ಸಹಿ ಹಾಕಿಲ್ಲ. ಮೀಡ್ ಮೂರು ದಿನ ಪ್ರಾಣ ಪಣಕ್ಕಿಟ್ಟು ಕಾದಾಡಿದ ಮನುಷ್ಯ. ಅಧ್ಯಕ್ಷರಿಗೆ ಅಸಮಾಧಾನ ಅಂತ ತಂತಿ ಬಂದದ್ದಕ್ಕೇ ರಾಜೀನಾಮೆ ಕೊಡಲು ಮುಂದಾಗಿದ್ದರು. ಈ ಪತ್ರ ತಲುಪಿದ್ದರೆ ಒಕ್ಕೂಟ ಒಬ್ಬ ಒಳ್ಳೆಯ ಜನರಲ್‌ನನ್ನು ಕಳೆದುಕೊಳ್ಳುತ್ತಿತ್ತು. ಹೋದ ಲೀ ಏನೂ ವಾಪಸ್ ಬರುತ್ತಿರಲಿಲ್ಲ. ನಾಲ್ಕು ತಿಂಗಳ ನಂತರ ಅದೇ ಗೆಟ್ಟಿಸ್‌ಬರ್ಗಿನ ಸ್ಮಶಾನದಲ್ಲಿ ಲಿಂಕನ್ ಮಾಡಿದ ಸುಮಾರು 270 ಪದಗಳ ಭಾಷಣ ನಿಮಗೆ ಗೊತ್ತೇ ಇದೆ. ಅದರ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಮೂರನೆಯ ಕಾಗದಕ್ಕಾಗಿಯೇ ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡದ್ದು.

1864ರ ಬೇಸಿಗೆ. ಯುಲಿಸಿಸ್ ಗ್ರಾಂಟ್ ಮಾರ್ಚ್‌ನಲ್ಲಿ ಎಲ್ಲ ಸೈನ್ಯಗಳಿಗೂ ಮುಖ್ಯಸ್ಥರಾಗಿದ್ದರು. ಮೇ, ಜೂನ್‌ನಲ್ಲಿ ವರ್ಜೀನಿಯಾದಲ್ಲಿ ನಡೆದ ಕದನಗಳಲ್ಲಿ ಹತ್ತಾರು ಸಾವಿರ ಸೈನಿಕರು ಸತ್ತರು, ಗಾಯಗೊಂಡರು. ಪೀಟರ್ಸ್‌ಬರ್ಗ್ ಮುಂದೆ ಸೈನ್ಯ ಕಂದಕ ತೋಡಿ ಕೂತಿತ್ತು. ಅಟ್ಲಾಂಟಾ ಮುಂದೆ ಒಕ್ಕೂಟದ ಇನ್ನೊಬ್ಬ ಜನರಲ್ ಶರ್ಮನ್ ಸೈನ್ಯವೂ ಹಾಗೇ. ಜುಲೈನಲ್ಲಿ ಇನ್ನೂ ಐದು ಲಕ್ಷ ಜನ ಬೇಕು ಅಂತ ಲಿಂಕನ್ ಕರೆ ಕೊಟ್ಟರು. ಊರೂರಲ್ಲಿ ಸತ್ತವರ ಪಟ್ಟಿ ಪತ್ರಿಕೆಯಲ್ಲಿ ಬರುತ್ತಿತ್ತು. ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ.

ನಡು ಯುದ್ಧದಲ್ಲಿ ಚುನಾವಣೆ! ಮುಂದೂಡಿ ಅಂದವರಿದ್ದರು. ಲಿಂಕನ್ ಕೈಯಲ್ಲಿ ಅಧಿಕಾರ ಕಡಿಮೆ ಇರಲಿಲ್ಲ ಅನ್ನುವುದನ್ನು ನೆನಪಿಡಿ. ವಿಚಾರಣೆಯಿಲ್ಲದೆ ಬಂಧಿಸುವುದಕ್ಕಿದ್ದ ತಡೆಯನ್ನು 1861ರಲ್ಲೇ ತೆಗೆದುಹಾಕಿದ್ದರು. ಸಾವಿರಾರು ಜನ ಹಾಗೆ ಜೈಲಿಗೆ ಹೋಗಿದ್ದರು. ಯುದ್ಧದ ವಿರುದ್ಧ ಮಾತಾಡಿದ ವಲ್ಲಾಂಡಿಗ್‌ಹ್ಯಾಮ್ ಅನ್ನುವ ರಾಜಕಾರಣಿಯನ್ನು ಸೈನ್ಯ ಬಂಧಿಸಿದಾಗ ಅವರನ್ನು ದಕ್ಷಿಣಕ್ಕೆ ಗಡೀಪಾರು ಮಾಡಿಸಿದ್ದರು. ಈ ವಿಷಯದಲ್ಲಿ ಅವರನ್ನು ಟೀಕಿಸಿದವರ ಕಡೆಯೇ ನಾನು ನಿಲ್ಲುತ್ತೇನೆ. ಭಾಷಣ ಮಾಡಿದವನನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದ್ದು ತಪ್ಪು. ಅಷ್ಟು ಅಧಿಕಾರ ಇಟ್ಟುಕೊಂಡಿದ್ದ ಮನುಷ್ಯ ಚುನಾವಣೆಯನ್ನು ಮಾತ್ರ ಮುಟ್ಟಲಿಲ್ಲ.

ಸೋಲು ಖಂಡಿತ ಅಂತ ಸುತ್ತಲಿನವರೆಲ್ಲ ಹೇಳುತ್ತಿದ್ದರು. ಆಗಸ್ಟ್ 22ರಂದು ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಹೆನ್ರಿ ರೇಮಂಡ್ ಪತ್ರ ಬರೆದರು. ದೊಡ್ಡ ರಾಜ್ಯಗಳು ಕೈಬಿಡುತ್ತಿವೆ, ಒಂದು ಸಂಧಾನದ ನಿಯೋಗ ಕಳಿಸಿ, ಒಕ್ಕೂಟಕ್ಕೆ ಮರಳಿ ಬನ್ನಿ ಅಂತ ಅಷ್ಟೇ ಕೇಳಿ ಅನ್ನುವ ಸಲಹೆ. ಅಂದರೆ ಗುಲಾಮಗಿರಿಯ ಮಾತು ಬಿಟ್ಟುಬಿಡಿ ಅಂತ. ಅದೇ ವಾರ ಬಂದ ಭೇಟಿಗಾರರ ಹತ್ತಿರವೂ ಇದೇ ಮಾತು ಬಂತು. ಆಗ ಲಿಂಕನ್ ಕೊಟ್ಟ ಉತ್ತರ ಇದು: ನಮಗಾಗಿ ಹೋರಾಡಿದ ಕಪ್ಪು ಸೈನಿಕರನ್ನು ಮತ್ತೆ ಗುಲಾಮಗಿರಿಗೆ ತಳ್ಳಿ ಎನ್ನುವವರಿದ್ದಾರೆ, ಹಾಗೆ ಮಾಡಿದರೆ ಇಹದಲ್ಲೂ ಪರದಲ್ಲೂ ನನಗೆ ನರಕವೇ. ಯುದ್ಧ ಮುಗಿಯುವ ಹೊತ್ತಿಗೆ ಒಕ್ಕೂಟದ ಸೈನ್ಯದಲ್ಲಿ ಕೆಲಸ ಮಾಡಿದ ಕಪ್ಪು ಸೈನಿಕರ ಸಂಖ್ಯೆ ಸುಮಾರು 1,79,000. 1864ರ ಜೂನ್‌ವರೆಗೆ ಅವರಿಗೆ ಬಿಳಿಯ ಸೈನಿಕರಷ್ಟು ಸಂಬಳವೂ ಇರಲಿಲ್ಲ.

ಆಗಸ್ಟ್ 19ರಂದು ಅವರು ಫ್ರೆಡರಿಕ್ ಡಗ್ಲಸ್ ಅವರನ್ನು ಕರೆಸಿಕೊಂಡರು. ಹಿಂದೆ ತಮ್ಮನ್ನು ಖಂಡಿಸಿದ ಅದೇ ಡಗ್ಲಸ್. ನಾನು ಸೋತರೆ ಮುಂದೆ ಬರುವವರು ಘೋಷಣೆಯನ್ನು ನಿಲ್ಲಿಸಬಹುದು. ದಕ್ಷಿಣದಲ್ಲಿ ಇನ್ನೂ ಎಷ್ಟೋ ಜನಕ್ಕೆ ಸುದ್ದಿಯೇ ಮುಟ್ಟಿಲ್ಲ. ಅಷ್ಟರೊಳಗೆ ಆದಷ್ಟು ಜನರನ್ನು ನಮ್ಮ ಸೈನ್ಯದ ಗಡಿಯೊಳಗೆ ತರುವುದಕ್ಕೆ ದಾರಿ ಹುಡುಕಿ ಅಂತ ಕೇಳಿದರು. ಡಗ್ಲಸ್ ಒಪ್ಪಿ, ಯೋಜನೆಯನ್ನೂ ಬರೆದುಕೊಟ್ಟರು. ಎರಡು ವರ್ಷದ ಹಿಂದೆ ಕಪ್ಪು ಮುಖಂಡರಿಗೆ ದೇಶ ಬಿಟ್ಟು ಹೋಗಿ ಅಂದಿದ್ದವರು ಇದೇ ಲಿಂಕನ್. ಅಷ್ಟು ದೂರ ಬಂದಿದ್ದರು.

ಆಗಸ್ಟ್ 23ರಂದು ಸಂಪುಟ ಸಭೆ. ಲಿಂಕನ್ ಒಂದು ಮಡಚಿದ ಕಾಗದ ತಂದರು. ಅಂಚಿಗೆ ಅಂಟು ಹಚ್ಚಿತ್ತು. ಬೆನ್ನಿಗೆ ಸಹಿ ಹಾಕಿ ಅಂದರು. ಸೀವರ್ಡ್, ಸ್ಟಾಂಟನ್ ಎಲ್ಲರೂ ಒಳಗೇನಿದೆ ಅಂತ ಕೇಳದೆ ಹಾಕಿದರು. ಒಳಗೆ ಇದ್ದದ್ದು ಇಷ್ಟು: ಈ ಸರ್ಕಾರ ಮತ್ತೆ ಆರಿಸಿ ಬರುವುದಿಲ್ಲ ಅಂತ ಕೆಲವು ದಿನಗಳಿಂದ ಬಹುಮಟ್ಟಿಗೆ ಖಚಿತವಾಗಿ ಕಾಣುತ್ತಿದೆ. ಹಾಗಾದರೆ ಹೊಸದಾಗಿ ಆಯ್ಕೆಯಾದ ಅಧ್ಯಕ್ಷರ ಜೊತೆ ಸಹಕರಿಸಿ, ಚುನಾವಣೆಗೂ ಅವರ ಪ್ರಮಾಣ ವಚನಕ್ಕೂ ನಡುವಿನ ದಿನಗಳಲ್ಲಿ ಒಕ್ಕೂಟವನ್ನು ಉಳಿಸುವುದು ನನ್ನ ಕರ್ತವ್ಯ. ಯಾಕೆಂದರೆ ಅವರು ಗೆದ್ದು ಬರುವುದೇ ಆಮೇಲೆ ಅದನ್ನು ಉಳಿಸಲಾಗದಂಥ ಮಾತು ಕೊಟ್ಟು.

ನಾನು ಸೋತರೆ ಏನು ಮಾಡಬೇಕು ಅಂತ ಚುನಾವಣೆಗೆ ಎರಡೂವರೆ ತಿಂಗಳು ಮೊದಲು ತನಗೆ ತಾನೇ ಬರೆದುಕೊಂಡ ಕರಾರು ಇದು. ಸೋತ ಮೇಲೆ ಕುರ್ಚಿ ಬಿಡುತ್ತೇನೋ ಇಲ್ಲವೋ ಅನ್ನುವ ಪ್ರಶ್ನೆಯೇ ಅದರಲ್ಲಿಲ್ಲ. ಬಿಡುವುದಂತೂ ಸರಿಯೇ, ಬಿಡುವ ಮೊದಲು ಏನು ಕೆಲಸ ಅಂತ ಅಷ್ಟೇ ಇದೆ. ಸಚಿವರ ಸಹಿ ಸಾಕ್ಷಿ. ಆಮೇಲೆ ಮನಸ್ಸು ಬದಲಾಯಿಸಿದರೆ ಏಳು ಜನ ಕೇಳುವವರಿದ್ದಾರೆ.

ಒಂದು ವಾರಕ್ಕೆ ಎದುರು ಪಕ್ಷವಾದ ಡೆಮಾಕ್ರಟಿಕ್ ಪಕ್ಷ ಶಿಕಾಗೋದಲ್ಲಿ ಸೇರಿ ತನ್ನ ಅಭ್ಯರ್ಥಿಯನ್ನು ಆರಿಸಿತು. ಯಾರು? ಮೆಕ್ಲೆಲನ್. ಅಧ್ಯಕ್ಷರನ್ನು ಕೆಳಗೆ ಕೂರಿಸಿ ಮಲಗಿದವರೇ. ಅವರನ್ನು 1862ರ ನವೆಂಬರ್‌ನಲ್ಲಿ ಲಿಂಕನ್ ಹುದ್ದೆಯಿಂದ ಇಳಿಸಿದ್ದರು.

ಸೆಪ್ಟೆಂಬರ್ 2ರಂದು ಶರ್ಮನ್ ಸೈನ್ಯ ಅಟ್ಲಾಂಟಾವನ್ನು ಹಿಡಿಯಿತು. ಗಾಳಿಯ ದಿಕ್ಕೇ ಬದಲಾಯಿತು. ಬಹಳ ರಾಜ್ಯಗಳು ಸೈನಿಕರಿಗೆ ಶಿಬಿರದಲ್ಲೇ ಮತ ಹಾಕಲು ಕಾನೂನು ಮಾಡಿದ್ದವು. ಇಂಡಿಯಾನಾ ಮಾಡಿರಲಿಲ್ಲ. ಆ ರಾಜ್ಯದ ಹುಡುಗರನ್ನು ಆದಷ್ಟು ಮಟ್ಟಿಗೆ ಊರಿಗೆ ಕಳಿಸಿ ಅಂತ ಲಿಂಕನ್ ಶರ್ಮನ್‌ಗೆ ಬರೆದರು, ಆದರೆ ಇದು ಆದೇಶವಲ್ಲ ಅಂತಲೂ ಸೇರಿಸಿದರು. ನವೆಂಬರ್ 8ರ ರಾತ್ರಿ ಮಳೆ. ಲಿಂಕನ್ ಅದೇ ತಂತಿ ಕಚೇರಿಗೆ ಹೋಗಿ ಫಲಿತಾಂಶ ಕೇಳುತ್ತಾ ಕೂತರು. ಅಧ್ಯಕ್ಷರನ್ನು ಆರಿಸುವ ರಾಜ್ಯಗಳ ಪ್ರತಿನಿಧಿಗಳ ಮತ, ಅಂದರೆ ಚುನಾಯಕ ಮತ, ಅವರಿಗೆ 212, ಮೆಕ್ಲೆಲನ್‌ಗೆ 21. ಬೇರೆಯಾಗಿ ಎಣಿಸಿದ ಸೈನಿಕರ ಮತಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಲಿಂಕನ್‌ಗೆ ಬಂದಿದ್ದವು. ತಮ್ಮ ಪ್ರೀತಿಯ ಹಳೆಯ ಜನರಲ್‌ನನ್ನು ಬಿಟ್ಟು ಇವರಿಗೆ ಹಾಕಿದ್ದರು, ಯುದ್ಧ ಮುಂದುವರಿದರೆ ಸಾಯುವವರು ತಾವೇ ಅಂತ ಗೊತ್ತಿದ್ದೂ.

ಎರಡು ದಿನದ ನಂತರ ಶ್ವೇತಭವನದ ಕಿಟಕಿಯ ಹತ್ತಿರ ನಿಂತು ಜನರಿಗೆ ಹೇಳಿದರು: ಚುನಾವಣೆ ಇಲ್ಲದೆ ಸ್ವತಂತ್ರ ಸರ್ಕಾರ ಇರಲಾರದು. ಬಂಡಾಯಕ್ಕೆ ಹೆದರಿ ನಾವು ಚುನಾವಣೆ ಬಿಟ್ಟರೆ, ಮುಂದೂಡಿದರೆ, ಅದು ಆಗಲೇ ನಮ್ಮನ್ನು ಗೆದ್ದಿದೆ ಅಂತಲೇ ಅರ್ಥ. ನವೆಂಬರ್ 11ರಂದು ಸಂಪುಟ ಸೇರಿದಾಗ ಆ ಕಾಗದವನ್ನು ಜಾನ್ ಹೇ ಕೈಗೆ ಕೊಟ್ಟರು. ಅಂಟು ಎಷ್ಟು ಗಟ್ಟಿಯಾಗಿತ್ತೆಂದರೆ ಕತ್ತರಿಸಿಯೇ ಬಿಡಿಸಬೇಕಾಯಿತು. ಮೆಕ್ಲೆಲನ್ ಗೆದ್ದಿದ್ದರೆ ಅವರ ಹತ್ತಿರ ಹೋಗಿ, ಜನ ನಿಮ್ಮ ಕಡೆ ಇದ್ದಾರೆ, ಅಧಿಕಾರ ಇನ್ನೂ ನನ್ನ ಹತ್ತಿರ ಇದೆ, ಇಬ್ಬರೂ ಸೇರಿ ಯುದ್ಧ ಮುಗಿಸೋಣ ಅಂತ ಕೇಳುತ್ತಿದ್ದೆ ಅಂದರು. ಅವರು ಹೂಂ ಹೂಂ ಅನ್ನುತ್ತಿದ್ದರು, ಮರುದಿನ ಕೇಳಿದರೂ ಹೂಂ ಹೂಂ ಅನ್ನುತ್ತಿದ್ದರು ಅಂತ ಸೀವರ್ಡ್. ಇರಲಿ, ನನ್ನ ಕರ್ತವ್ಯ ಮಾಡಿದ ಸಮಾಧಾನವಾದರೂ ಇರುತ್ತಿತ್ತು ಅಂತ ಲಿಂಕನ್.

ಉಪನ್ಯಾಸ ಮುಗಿದ ಮೇಲೆ ಒಬ್ಬರು ಕೇಳಿದರು: ಹಾಗಾದರೆ ಆ ಗೆಲುವಿನಿಂದ ಆದದ್ದೇನು? ಆವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಯುದ್ಧಕಾಲದ ಘೋಷಣೆ ಯುದ್ಧ ಮುಗಿದ ಮೇಲೆ ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವ ಭಯ ಲಿಂಕನ್‌ಗಿತ್ತು. ಒಕ್ಕೂಟದಲ್ಲೇ ಉಳಿದಿದ್ದ ಗಡಿ ರಾಜ್ಯಗಳ ಗುಲಾಮರಿಗೆ ಅದು ಅನ್ವಯಿಸುತ್ತಲೂ ಇರಲಿಲ್ಲ. ಅದಕ್ಕೆ ಗುಲಾಮಗಿರಿಯನ್ನೇ ಕಿತ್ತುಹಾಕುವ ತಿದ್ದುಪಡಿ ಸಂವಿಧಾನಕ್ಕೇ ಬೇಕು ಅಂತ ಪಟ್ಟು ಹಿಡಿದರು. 1865ರ ಜನವರಿ 31ರಂದು ಕೆಳಮನೆಯಲ್ಲಿ 119-56 ಮತಗಳಿಂದ ಅದು ಪಾಸಾಯಿತು. ಈ ಸಲ ಕಾಯಲಿಲ್ಲ. ಹೊಸ ಸದಸ್ಯರು ಬರುವ ಮೊದಲೇ, ಹಳೆಯ ಸದನದಲ್ಲೇ, ಒಬ್ಬೊಬ್ಬರ ಬೆನ್ನು ಹತ್ತಿ ಮಾಡಿಸಿದರು. ಡಿಸೆಂಬರ್‌ನಲ್ಲಿ ಸಾಕಷ್ಟು ರಾಜ್ಯಗಳು ಒಪ್ಪಿದ ಮೇಲೆ ಅದು ಜಾರಿಗೆ ಬಂತು. ಅದನ್ನು ನೋಡಲು ಲಿಂಕನ್ ಇರಲಿಲ್ಲ.

ಏಪ್ರಿಲ್ 9ರಂದು ಲೀ ಶರಣಾದರು. ಏಪ್ರಿಲ್ 11ರ ಸಂಜೆ ಲಿಂಕನ್ ಮತ್ತೆ ಅದೇ ಕಿಟಕಿಯಿಂದ ಮಾತಾಡಿದರು. ಬಹಳ ಬುದ್ಧಿವಂತರಾದ ಕಪ್ಪು ಗಂಡಸರಿಗೂ, ಸೈನ್ಯದಲ್ಲಿ ದುಡಿದವರಿಗೂ ಮತದ ಹಕ್ಕು ಸಿಕ್ಕರೆ ನನಗೆ ಇಷ್ಟ ಅಂದರು. ಒಬ್ಬ ಅಧ್ಯಕ್ಷರು ಬಹಿರಂಗವಾಗಿ ಹಾಗೆ ಹೇಳಿದ್ದು ಅದೇ ಮೊದಲು. ಗುಂಪಿನಲ್ಲಿ ಜಾನ್ ವಿಲ್ಕ್ಸ್ ಬೂತ್ ಅನ್ನುವ ನಟ ನಿಂತಿದ್ದ. ಆ ಮಾತು ಕೇಳಿಯೇ ಕೊಲ್ಲುವ ತೀರ್ಮಾನ ಮಾಡಿದ ಅಂತ ಅವನ ಜೊತೆಗಿದ್ದವರಿಂದ ಆಮೇಲೆ ತಿಳಿಯಿತು. ಏಪ್ರಿಲ್ 14ರ ರಾತ್ರಿ ನಾಟಕ ಶಾಲೆಯಲ್ಲಿ ಹಿಂದಿನಿಂದ ಗುಂಡು ಹಾರಿಸಿದ. ಮರುದಿನ ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಲಿಂಕನ್ ತೀರಿಕೊಂಡರು. ವಯಸ್ಸು 56.

ಅವರು ಎತ್ತಿದ ಮತದ ಮಾತು 1870ರಲ್ಲಿ ಸಂವಿಧಾನಕ್ಕೆ ಬಂತು. ಆದರೆ ಕೆಲವೇ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳು ಮತಕ್ಕೆ ತೆರಿಗೆ, ಓದು ಬರಹದ ಪರೀಕ್ಷೆ, ಬೆದರಿಕೆ, ಕೊಲೆ, ಹೀಗೆ ಒಂದೊಂದೇ ಅಡ್ಡಿ ಹಾಕಿ ಅದನ್ನು ಕಸಿದುಕೊಂಡವು. ಆ ಸೈನಿಕರ ಮಕ್ಕಳು, ಮೊಮ್ಮಕ್ಕಳು ಹೋರಾಡಿ, ಪೆಟ್ಟು ತಿಂದು, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಮಾಡಿಸಿಕೊಂಡರು. ಲಿಂಕನ್ ಆ ಕಿಟಕಿಯಿಂದ ಮಾತಾಡಿ ಆಗಲೇ ನೂರು ವರ್ಷ ಕಳೆದಿತ್ತು.